ಮಗನನ್ನು ಕಳೆದುಕೊಂಡ ತಾಯಿಯ ಪ್ರಶ್ನೆ

ಯುದ್ಧವನ್ನು ಘೋಷಿಸುವವರು ಮತ್ತು ಆ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಳ್ಳುವವರು ಒಂದೇ ಮನೆಯವರಾಗಿರುವುದು ಇತಿಹಾಸದಲ್ಲಿ ಬಹಳ ಅಪರೂಪ. ಬಹುಶಃ ಆ ಕಾರಣದಿಂದಲೇ ಮಡಿದ ಯೋಧರ ತಂದೆ-ತಾಯಂದಿರಿಗೆ ಎಲ್ಲ ದೇಶಗಳಲ್ಲೂ ವಿಶೇಷ ಗೌರವ ಸಲ್ಲುತ್ತದೆ. ಸಮಾರಂಭಗಳಲ್ಲಿ ಅವರಿಗೆ ಮುಂದಿನ ಸಾಲಿನಲ್ಲಿ ಆಸನ ಮೀಸಲಿಡಲಾಗುತ್ತದೆ. ಅವರ ಕೈಗೆ ಪದಕವನ್ನೂ ಧ್ವಜವನ್ನೂ ಒಪ್ಪಿಸಲಾಗುತ್ತದೆ. ಆದರೆ ಈ ಗೌರವದ ಹಿಂದೆ ಯಾರೂ ಬರೆದಿಡದ ಒಂದು ಷರತ್ತಿದೆ. ಅವರು ಅಳಬಹುದು, ಆದರೆ ಪ್ರಶ್ನಿಸಬಾರದು. ಆ ಷರತ್ತನ್ನು ಮುರಿದವರನ್ನು ಸಮಾಜವು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ತಿಳಿಯಲು 2005ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಕ್ರಾಫರ್ಡ್ ಎಂಬ ಸಣ್ಣ ಊರಿನಲ್ಲಿ ನಡೆದ ಘಟನೆಗಳನ್ನು ನಾವು ನೆನಪಿಸಿಕೊಳ್ಳಬೇಕು.

ಕೇಸಿ ಶೀಹನ್ ಕ್ಯಾಲಿಫೋರ್ನಿಯಾದ ಒಬ್ಬ ಕ್ಯಾಥೊಲಿಕ್ ಕುಟುಂಬದ ಯುವಕ. ಅಮೆರಿಕದ ಸೇನೆಯಲ್ಲಿ ವಾಹನಗಳ ಮೆಕ್ಯಾನಿಕ್ ಆಗಿದ್ದ. 2004ರ ಮಾರ್ಚ್ ಕೊನೆಯಲ್ಲಿ ಇರಾಕಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಅಮೆರಿಕನ್ ಅಧಿಕಾರಿಗಳು ಮುಕ್ತದಾ ಅಲ್ ಸದ್ರ್ ಅವರ ಬೆಂಬಲಿಗರ ಪತ್ರಿಕೆಯೊಂದನ್ನು ಮುಚ್ಚಿಸಿದರು. ಅದರ ಬೆನ್ನಿಗೇ ಬಗ್ದಾದಿನ ಸದ್ರ್ ಸಿಟಿಯಲ್ಲಿ ಬಂಡಾಯ ಭುಗಿಲೆದ್ದಿತು. ಏಪ್ರಿಲ್ 4ರಂದು ಮುತ್ತಿಗೆಗೆ ಸಿಲುಕಿದ್ದ ಸೈನಿಕರನ್ನು ಬಿಡಿಸಲು ಹೋದ ತಂಡದಲ್ಲಿ ಕೇಸಿಯೂ ಇದ್ದ. ಅಂದು ಅಲ್ಲಿ ಎಂಟು ಮಂದಿ ಅಮೆರಿಕನ್ ಸೈನಿಕರು ಸತ್ತರು. ಅವರಲ್ಲಿ 24 ವರ್ಷದ ಕೇಸಿಯೂ ಒಬ್ಬನಾದ. ಆತ ಇರಾಕಿಗೆ ಬಂದು ಕೆಲವೇ ವಾರಗಳಾಗಿದ್ದವು.

ಅದೇ ವರ್ಷ ಜೂನ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರು ಮಡಿದ ಸೈನಿಕರ ಅನೇಕ ಕುಟುಂಬಗಳನ್ನು ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್ ಸೇನಾ ನೆಲೆಯಲ್ಲಿ ಭೇಟಿಯಾದರು. ಕೇಸಿಯ ತಾಯಿ ಸಿಂಡಿ ಶೀಹನ್ ಕೂಡ ಅಲ್ಲಿದ್ದರು. ಅಂದು ಅವರು ಸಾರ್ವಜನಿಕವಾಗಿ ಕಟುವಾದ ಮಾತೇನೂ ಆಡಲಿಲ್ಲ. ಆದರೆ ಮುಂದಿನ ತಿಂಗಳುಗಳಲ್ಲಿ ಒಂದರ ಹಿಂದೆ ಒಂದರಂತೆ ಸತ್ಯಗಳು ಹೊರಬಂದವು. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನಿದೆ ಎಂದು ಹೇಳಿಯೇ 2003ರ ಮಾರ್ಚ್‌ನಲ್ಲಿ ಯುದ್ಧವನ್ನು ಆರಂಭಿಸಲಾಗಿತ್ತು. 2004ರ ಅಕ್ಟೋಬರ್‌ನಲ್ಲಿ ಅಮೆರಿಕವೇ ನೇಮಿಸಿದ್ದ ಶೋಧ ತಂಡವು ಅಂತಹ ದಾಸ್ತಾನು ಇರಲಿಲ್ಲವೆಂದು ವರದಿ ನೀಡಿತು. ಹಾಗಾದರೆ ನನ್ನ ಮಗ ಯಾತಕ್ಕಾಗಿ ಸತ್ತ? ತಾಯಿಯ ಮನಸ್ಸಿನಲ್ಲಿ ಈ ಪ್ರಶ್ನೆ ಬೇರೂರಿತು. ತನ್ನಂತೆಯೇ ಮಕ್ಕಳನ್ನು ಕಳೆದುಕೊಂಡವರೊಂದಿಗೆ ಸೇರಿ ಅವರು 2005ರ ಜನವರಿಯಲ್ಲಿ ಶಾಂತಿಗಾಗಿ ಒಂದು ಸಂಘಟನೆಯನ್ನು ಕಟ್ಟಿದರು.

2005ರ ಆಗಸ್ಟ್ ಮೊದಲ ವಾರದಲ್ಲಿ ಇರಾಕಿನ ಹದೀಸಾದ ಬಳಿ ಸ್ಫೋಟವೊಂದರಲ್ಲಿ 14 ಮಂದಿ ಅಮೆರಿಕನ್ ನೌಕಾಯೋಧರು ಒಮ್ಮೆಗೇ ಸತ್ತರು. ಅಧ್ಯಕ್ಷರು ಅವರು ಉದಾತ್ತ ಉದ್ದೇಶಕ್ಕಾಗಿ ಪ್ರಾಣ ಕೊಟ್ಟರೆಂಬ ಅರ್ಥದ ಮಾತನ್ನಾಡಿದರು. ಆ ಉದಾತ್ತ ಉದ್ದೇಶ ಯಾವುದೆಂದು ಅಧ್ಯಕ್ಷರನ್ನೇ ಕೇಳಬೇಕೆಂದು ಸಿಂಡಿ ನಿರ್ಧರಿಸಿದರು. ಆಗಸ್ಟ್ 6ರಂದು, ಅಧ್ಯಕ್ಷರು ರಜೆಯಲ್ಲಿದ್ದ ಕ್ರಾಫರ್ಡ್‌ನ ತೋಟದ ಮನೆಯತ್ತ ಅವರು ಹೊರಟರು. ಪೊಲೀಸರು ದಾರಿಯಲ್ಲೇ ತಡೆದಾಗ ರಸ್ತೆಬದಿಯ ಚರಂಡಿಯ ಅಂಚಿನಲ್ಲೇ ಕುಳಿತರು. ಅಂದು ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರರಾದ ಸ್ಟೀಫನ್ ಹ್ಯಾಡ್ಲಿ ಮತ್ತು ಇನ್ನೊಬ್ಬ ಹಿರಿಯ ಅಧಿಕಾರಿ ಬಂದು ಸುಮಾರು ಮುಕ್ಕಾಲು ಗಂಟೆ ಅವರೊಂದಿಗೆ ಮಾತನಾಡಿದರು. ಅಧ್ಯಕ್ಷರು ಬರಲಿಲ್ಲ. ಟೆಕ್ಸಾಸಿನ ಉರಿಬಿಸಿಲಿನಲ್ಲಿ ಆ ಜಾಗ 'ಕ್ಯಾಂಪ್ ಕೇಸಿ' ಎಂಬ ಶಿಬಿರವಾಗಿ ಬೆಳೆಯಿತು. ಆಗಸ್ಟ್ 12ರಂದು ಪಕ್ಷದ ನಿಧಿ ಸಂಗ್ರಹದ ಕೂಟವೊಂದಕ್ಕೆ ಹೊರಟ ಅಧ್ಯಕ್ಷರ ವಾಹನಗಳ ಸಾಲು ಅದೇ ರಸ್ತೆಯಲ್ಲಿ ಹಾದುಹೋಯಿತು. ದಾನಿಗಳಿಗೆ ಸಿಗುವ ಸಮಯ ತನಗೇಕಿಲ್ಲವೆಂದು ಕೇಳುವ ಫಲಕವನ್ನು ಹಿಡಿದು ಆ ತಾಯಿ ನಿಂತಿದ್ದರು. ವಾಹನಗಳು ನಿಲ್ಲಲಿಲ್ಲ.

ಈ ಘಟನೆಗೆ ಸಮಾಜವು ಹೇಗೆ ಪ್ರತಿಕ್ರಿಯಿಸಿತು? ನಾವು ಗಮನಿಸಬೇಕಾದದ್ದು ಇದನ್ನೇ. ಸಾವಿರಾರು ಜನರು ದೂರದೂರುಗಳಿಂದ ಬಂದು ಶಿಬಿರವನ್ನು ಸೇರಿದರು. ಅವರಲ್ಲಿ ಹಳೆಯ ಯುದ್ಧಗಳ ನಿವೃತ್ತ ಸೈನಿಕರಿದ್ದರು, ಪಾದ್ರಿಗಳಿದ್ದರು, ಇರಾಕಿನಲ್ಲಿದ್ದ ಯೋಧರ ಹೆತ್ತವರಿದ್ದರು. ಆಗಸ್ಟ್ 17ರ ರಾತ್ರಿ ದೇಶದುದ್ದಕ್ಕೂ ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿ ಜನರು ಮೇಣದ ಬತ್ತಿ ಹಚ್ಚಿ ನಿಂತರು. ಇನ್ನೊಂದೆಡೆ ಕೆಲವು ರೇಡಿಯೊ ಮತ್ತು ಟಿ.ವಿ. ನಿರೂಪಕರು ಆಕೆಯನ್ನು ದೇಶದ್ರೋಹಿಗಳ ಕೈಗೊಂಬೆಯೆಂದು ಬಣ್ಣಿಸಿದರು. ಹಿಂದಿನ ವರ್ಷ ಅಧ್ಯಕ್ಷರ ಬಗ್ಗೆ ಆಡಿದ್ದ ಮೃದು ಮಾತುಗಳನ್ನು ಹೊರತೆಗೆದು, ಈಕೆ ಮಾತು ಬದಲಿಸುವವಳೆಂದರು. ಆಕೆಯ ಸಂಸಾರದೊಳಗಿನ ಬಿರುಕು ಕೂಡ ದೇಶಕ್ಕೆಲ್ಲ ಸುದ್ದಿಯಾಯಿತು. ಮೃತ ಯುವಕನ ತಂದೆಯ ಕಡೆಯ ಬಂಧುಗಳು ತಾವು ಆಕೆಯ ನಿಲುವನ್ನು ಒಪ್ಪುವುದಿಲ್ಲವೆಂದು ಹೇಳಿಕೆ ನೀಡಿದರು. ರಸ್ತೆಬದಿಯಲ್ಲಿ ಮಡಿದ ಸೈನಿಕರ ಹೆಸರು ಬರೆದು ನೂರಾರು ಬಿಳಿಯ ಶಿಲುಬೆಗಳನ್ನು ನೆಡಲಾಗಿತ್ತು. ಒಂದು ರಾತ್ರಿ ಒಬ್ಬಾತನು ಅವುಗಳ ಮೇಲೆ ತನ್ನ ಟ್ರಕ್ ಓಡಿಸಿ ಕೆಡವಿದನು. ಸೈನಿಕರ ಗೌರವದ ಹೆಸರಿನಲ್ಲಿ ಸೈನಿಕರ ಹೆಸರುಗಳನ್ನೇ ಚಕ್ರದಡಿ ಹಾಕುವಷ್ಟು ಕೋಪವು ಮನುಷ್ಯನನ್ನು ಕುರುಡಾಗಿಸುತ್ತದೆ!

ಅದೇ ಊರಿನಲ್ಲಿ ಬೇರೊಂದು ಬಗೆಯ ನಡವಳಿಕೆಯೂ ಕಂಡುಬಂತು. ಶಿಬಿರದಿಂದ ಬೇಸತ್ತ ನೆರೆಯವನೊಬ್ಬ ಗಾಳಿಯಲ್ಲಿ ಗುಂಡು ಹಾರಿಸಿದರೆ, ಆತನದೇ ಬಂಧುವೊಬ್ಬರು ಪ್ರತಿಭಟನಕಾರರು ರಸ್ತೆಯಲ್ಲಿ ಕಷ್ಟಪಡಬಾರದೆಂದು ತಮ್ಮ ಜಮೀನನ್ನೇ ಬಿಟ್ಟುಕೊಟ್ಟರು. ಎರಡನೆಯ ಶಿಬಿರವು ಅಲ್ಲಿ ಎದ್ದುನಿಂತಿತು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಸಿಂಡಿಯನ್ನು ವಿರೋಧಿಸಿದವರೆಲ್ಲರೂ ಅಧಿಕಾರದ ಹೊಗಳುಭಟರಾಗಿರಲಿಲ್ಲ. ಫಲ್ಲೂಜದಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಅದೇ ಕ್ರಾಫರ್ಡ್‌ನಲ್ಲಿ ಯುದ್ಧದ ಪರವಾಗಿ ಮತ್ತೊಂದು ಶಿಬಿರ ಹೂಡಿದರು. ತನ್ನ ಮಗನ ಹೆಸರಿನ ಶಿಲುಬೆಯನ್ನು ಪ್ರತಿಭಟನೆಯ ಜಾಗದಿಂದ ತೆಗೆದುಕೊಂಡು ಹೋದರು. ಆ ತಂದೆಯ ಕಣ್ಣೀರು ಈ ತಾಯಿಯ ಕಣ್ಣೀರಿಗಿಂತ ಕಡಿಮೆ ನಿಜವೇ? ಖಂಡಿತ ಅಲ್ಲ. ಮಗನ ಸಾವಿಗೆ ಅರ್ಥವಿದೆ ಎಂದು ನಂಬದೆ ಅವರಿಗೆ ಬದುಕಲಾಗದು. ಆ ಅರ್ಥವೇನೆಂದು ಕೇಳದೆ ಈಕೆಗೆ ಬದುಕಲಾಗದು. ಹಾಗಾಗಿ ಶೋಕವೊಂದೇ ಯುದ್ಧದ ನ್ಯಾಯಾನ್ಯಾಯವನ್ನು ತೀರ್ಮಾನಿಸಲಾರದು. ಶೋಕವು ಕೇಳುವ ಹಕ್ಕನ್ನು ಕೊಡುತ್ತದೆ. ಉತ್ತರವನ್ನು ಮಾತ್ರ ಸತ್ಯದಿಂದಲೇ ಕೊಡಬೇಕಾಗುತ್ತದೆ. ಕ್ರಾಫರ್ಡ್‌ನಲ್ಲಿ ಆಗದೇ ಹೋದದ್ದು ಇದೇ. ಕೇಳಿದವಳು ಎಂಥವಳು ಎಂಬುದರ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು; ಕೇಳಿದ ಪ್ರಶ್ನೆ ಹಾಗೆಯೇ ಉಳಿಯಿತು.

ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತವು ಅಪ್ಪಳಿಸಿತು. ಕ್ಯಾಮೆರಾಗಳು ಅತ್ತ ತಿರುಗಿದವು. 2006ರ ಜನವರಿ 31ರಂದು ಅಧ್ಯಕ್ಷರ ವಾರ್ಷಿಕ ಭಾಷಣಕ್ಕೆ ಅತಿಥಿಯಾಗಿ ಹೋಗಿದ್ದ ಸಿಂಡಿಯನ್ನು, ಸತ್ತ ಸೈನಿಕರ ಸಂಖ್ಯೆ 2,245 ಎಂದು ಬರೆದ ಅಂಗಿ ಧರಿಸಿದ್ದಕ್ಕಾಗಿ ಪೊಲೀಸರು ಹೊರಗೆಳೆದು ಬಂಧಿಸಿದರು. ಬಳಿಕ ಪೊಲೀಸರೇ ಕ್ಷಮೆ ಕೇಳಿ ಮೊಕದ್ದಮೆ ಕೈಬಿಟ್ಟರು. ಯುದ್ಧಕ್ಕೆ ಹಣ ನೀಡುವುದನ್ನು ಮುಂದುವರಿಸಿದ ಡೆಮಾಕ್ರಟಿಕ್ ಪಕ್ಷವನ್ನೂ ಆಕೆ ಟೀಕಿಸತೊಡಗಿದಾಗ, ಅದುವರೆಗೆ ಹೆಗಲ ಮೇಲೆ ಹೊತ್ತವರಲ್ಲಿ ಹಲವರು ದೂರ ಸರಿದರು. ಆಕೆಯ ಬೇರೆ ಕೆಲವು ನಿಲುವುಗಳೂ ವಿವಾದಕ್ಕೆ ಒಳಗಾದವು. 2007ರ ಮೇ ತಿಂಗಳಲ್ಲಿ, ಮಡಿದ ಯೋಧರ ಸ್ಮರಣೆಯ ದಿನದಂದೇ, ತಾನು ಚಳವಳಿಯ ಮುಖವಾಗಿ ಮುಂದುವರಿಯುವುದಿಲ್ಲವೆಂದು ನೊಂದು ಪ್ರಕಟಿಸಿದರು. ವೈರಿಗಳು ಆಕೆಯನ್ನು ಗುರಿಯಾಗಿಸಿದ್ದರು, ಮಿತ್ರರು ಸಾಧನವಾಗಿಸಿದ್ದರು. ತಾಯಿಯಾಗಿ ಕಂಡವರು ಎರಡೂ ಕಡೆ ಕಡಿಮೆಯೇ.

ಬ್ರಿಟನ್ನಿನಲ್ಲೂ ಇಂಥದೇ ಪ್ರಸಂಗ ನಡೆಯಿತು. 2003ರ ಜೂನ್‌ನಲ್ಲಿ ಇರಾಕಿನ ಮಜರ್ ಅಲ್ ಕಬೀರ್‌ನಲ್ಲಿ ಕೊಲ್ಲಲ್ಪಟ್ಟ ಆರು ಸೇನಾ ಪೊಲೀಸರಲ್ಲಿ ಒಬ್ಬನ ತಂದೆಯಾದ ರೆಜ್ ಕೀಸ್, 2005ರ ಚುನಾವಣೆಯಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರ ಸ್ವಂತ ಕ್ಷೇತ್ರದಲ್ಲೇ ಅವರ ವಿರುದ್ಧ ಸ್ಪರ್ಧಿಸಿ ಶೇಕಡಾ 10ರಷ್ಟು ಮತ ಪಡೆದರು. ಫಲಿತಾಂಶದ ರಾತ್ರಿ ವೇದಿಕೆಯ ಮೇಲೆ ಅವರು ಮಾತನಾಡುವಾಗ ಪ್ರಧಾನಿ ಹಿಂದೆ ನಿಂತು ಕೇಳಲೇಬೇಕಾಯಿತು. ಇಂತಹ ಹೆತ್ತವರ ಒತ್ತಾಯವೂ ಸೇರಿ, ಬ್ರಿಟನ್ ಕೊನೆಗೆ ವಿಚಾರಣಾ ಸಮಿತಿಯನ್ನು ನೇಮಿಸಿತು. 2016ರ ಜುಲೈನಲ್ಲಿ ಹೊರಬಂದ ಚಿಲ್ಕಾಟ್ ವರದಿಯು ಶಾಂತಿಯುತ ಮಾರ್ಗಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತೆಂದೂ, ಅಸ್ತ್ರಗಳ ಕುರಿತ ಮಾಹಿತಿಯನ್ನು ಇಲ್ಲದ ಖಚಿತತೆಯೊಂದಿಗೆ ಮುಂದಿಡಲಾಯಿತೆಂದೂ ಹೇಳಿತು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಬರಲು 13 ವರ್ಷಗಳು ಬೇಕಾದವು.

ದುಃಖಿತರನ್ನು ಗದರುವ ಈ ಸ್ವಭಾವ ಹೊಸದಲ್ಲ. ಪ್ರವಾದಿ ಯಅ್‌ಕೂಬ್(ಅ) ಅವರು ಕಾಣೆಯಾದ ಮಗ ಯೂಸುಫ್(ಅ)ರಿಗಾಗಿ ಕಣ್ಣು ಮಂಜಾಗುವಷ್ಟು ಮರುಗಿದಾಗ, ಇನ್ನೂ ಎಷ್ಟು ದಿನ ಅವನನ್ನೇ ನೆನೆಯುತ್ತೀರಿ ಎಂದು ಮನೆಯವರೇ ಆಕ್ಷೇಪಿಸಿದ ಪ್ರಸಂಗವನ್ನು ಪವಿತ್ರ ಕುರ್‌ಆನ್ ವಿವರಿಸುತ್ತದೆ. ಆಕ್ಷೇಪಿಸಿದವರು ಯಾರು? ಆ ದುಃಖಕ್ಕೆ ಕಾರಣರಾದವರೇ. ಸಹನೆ ಎಂದರೆ ಮೌನವೆಂದು ಹಲವರು ಭಾವಿಸಿದ್ದಾರೆ. ಆದರೆ ಪ್ರವಾದಿ(ಸ)ರು ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಜನರೆದುರೇ ಕಣ್ಣೀರಿಟ್ಟಿದ್ದರು.

ಆಡಳಿತಗಾರರಿಗೂ ನಮ್ಮ ಇತಿಹಾಸದಲ್ಲಿ ಒಂದು ಮಾದರಿಯಿದೆ. ಖಲೀಫ ಉಮರ್(ರ) ಅವರು ಸಂಗಾತಿಗಳೊಂದಿಗೆ ಹೋಗುತ್ತಿರುವಾಗ ಖೌಲಾ(ರ) ಎಂಬ ವೃದ್ಧೆ ದಾರಿಯಲ್ಲೇ ತಡೆದು ಬಹಳ ಹೊತ್ತು ಖಾರವಾಗಿ ಉಪದೇಶಿಸಿದರು. ಒಬ್ಬ ಮುದುಕಿಗಾಗಿ ಇಷ್ಟು ಜನರನ್ನು ನಿಲ್ಲಿಸಿದಿರಲ್ಲ ಎಂದು ಜೊತೆಗಿದ್ದವರು ಕೇಳಿದಾಗ, ಏಳು ಆಕಾಶಗಳ ಮೇಲಿಂದ ಅಲ್ಲಾಹನೇ ಆಲಿಸಿದ ದೂರು ಈಕೆಯದು, ಉಮರ್ ಆಲಿಸದಿರಲು ಯಾರು ಎಂಬ ಆಶಯದ ಉತ್ತರವನ್ನು ಅವರು ನೀಡಿದರೆಂದು ಚರಿತ್ರೆಯ ಗ್ರಂಥಗಳು ದಾಖಲಿಸಿವೆ. ದಾರಿಯಲ್ಲಿ ನಿಂತ ಆ ಖಲೀಫರನ್ನೂ ಕ್ರಾಫರ್ಡ್‌ನಲ್ಲಿ ನಿಲ್ಲದೆ ಸಾಗಿದ ವಾಹನಗಳನ್ನೂ ಓದುಗರೇ ಹೋಲಿಸಿ ನೋಡಲಿ.

ಆದರೆ ಈ ಹೋಲಿಕೆಯಿಂದ ನಾವು ಬೀಗಬೇಕಿಲ್ಲ. ಅಮೆರಿಕದ ತಾಯಿಯೊಬ್ಬಳ ಪ್ರತಿಭಟನೆಯನ್ನು ಮೆಚ್ಚುವುದು ನಮಗೆ ಸುಲಭ. ಆಕೆ ಪ್ರಶ್ನಿಸಿದ್ದು ದೂರದ ಅಧ್ಯಕ್ಷರನ್ನು. ನಮ್ಮ ಊರಿನಲ್ಲಿ, ನಮ್ಮ ಜಮಾಅತಿನಲ್ಲಿ, ನಮ್ಮ ಕುಟುಂಬದಲ್ಲಿ ನೊಂದವಳೊಬ್ಬಳು ನಮ್ಮವರನ್ನೇ ಪ್ರಶ್ನಿಸಿದರೆ ನಾವು ಏನು ಮಾಡುತ್ತೇವೆ? ಆಕೆಯ ಮಾತನ್ನು ಪರಿಶೀಲಿಸುತ್ತೇವೆಯೇ ಅಥವಾ ಆಕೆಯ ಹಿನ್ನೆಲೆಯನ್ನು ಕೆದಕುತ್ತೇವೆಯೇ? ಸಾಕ್ಷ್ಯವು ನಮ್ಮ ವಿರುದ್ಧ, ನಮ್ಮ ಹೆತ್ತವರ ವಿರುದ್ಧ ಹೋದರೂ ನ್ಯಾಯದ ಪರ ನಿಲ್ಲಬೇಕೆಂಬ ದೇವಾಜ್ಞೆಯು ಇಂತಹ ಗಳಿಗೆಗೇ ಅನ್ವಯವಾಗುತ್ತದೆ.

ಕೊನೆಯದಾಗಿ ಇನ್ನೊಂದು ಮಾತು. ಕೇಸಿ ಸತ್ತ ಆ ದಿನ ಸದ್ರ್ ಸಿಟಿಯ ಗಲ್ಲಿಗಳಲ್ಲಿ ಇರಾಕಿಗಳೂ ಸತ್ತರು. ಆ ಯುದ್ಧ ಮತ್ತು ಅದರ ನಂತರದ ಹಿಂಸೆಯಲ್ಲಿ ದಾಖಲಾದ ನಾಗರಿಕರ ಸಾವುಗಳೇ ಒಂದು ಲಕ್ಷವನ್ನು ಮೀರಿವೆ. ಅವರ ತಾಯಂದಿರಿಗೆ ಕುಳಿತುಕೊಳ್ಳಲು ಯಾವ ಅಧ್ಯಕ್ಷರ ತೋಟದ ಮನೆಯ ಮುಂದಿನ ರಸ್ತೆಯೂ ಇರಲಿಲ್ಲ. ಅವರತ್ತ ಕ್ಯಾಮೆರಾಗಳು ತಿರುಗಲಿಲ್ಲ, ಅವರನ್ನು ಬೈಯುವವರೂ ಇರಲಿಲ್ಲ, ಅಪ್ಪುವವರೂ ಇರಲಿಲ್ಲ. ಅವರ ಪ್ರಶ್ನೆಯೂ ಅದೇ ಆಗಿತ್ತು. ನನ್ನ ಮಗ ಯಾತಕ್ಕಾಗಿ ಸತ್ತ? ಇಹಲೋಕದಲ್ಲಿ ಉತ್ತರ ಸಿಗದ ಈ ಪ್ರಶ್ನೆಯನ್ನು ಪರಲೋಕದಲ್ಲಿ ಕೇಳಲಾಗುವುದೆಂಬುದು ನಮ್ಮ ವಿಶ್ವಾಸ. ಅಂದು ಉತ್ತರಿಸಬೇಕಾದವರು ಯುದ್ಧ ಸಾರಿದವರು ಮಾತ್ರವಲ್ಲ, ಕೇಳಿದವರ ಬಾಯಿ ಮುಚ್ಚಿಸಿದವರೂ ಆಗಿರುತ್ತಾರೆ.