ಗೋವೆಯ ಸಂತೆ, ಘಟ್ಟದ ಕಾಯಿಪಲ್ಲೆ

ಮುಂಬಯಿಯಿಂದ ಊರಿಗೆ ಹೋಗುವಾಗ ನಮ್ಮಲ್ಲಿ ಎಷ್ಟೋ ಮಂದಿ ಗೋವೆಯನ್ನು ರೈಲಿನ ಕಿಟಕಿಯಿಂದಲೇ ನೋಡಿ ದಾಟಿಬಿಡುತ್ತೇವೆ. ಇಳಿದವರು ಸಮುದ್ರದ ದಂಡೆಗೋ ಮಂಗೇಶಿ, ಶಾಂತಾದುರ್ಗೆಯರ ದರ್ಶನಕ್ಕೋ ಹೋಗುತ್ತಾರೆ. ಶುಕ್ರವಾರ ಅಲ್ಲಿರುವುದಾದರೆ ಒಂದು ಬೆಳಗನ್ನು ಮಾಪುಸಾದ ಸಂತೆಗೆ ಮೀಸಲಿಡಬೇಕೆಂದು ನಾನು ಹೇಳುತ್ತೇನೆ. ಗೋವೆಯ ಇತಿಹಾಸವೆಂದರೆ ಇಗರ್ಜಿ, ಕೋಟೆಗಳಷ್ಟೇ ಎಂದು ತಿಳಿದವರಿಗೆ ಅಲ್ಲಿ ಬೇರೊಂದು ಇತಿಹಾಸ ಬುಟ್ಟಿಗಳಲ್ಲಿ ತುಂಬಿರುವುದು ಕಾಣುತ್ತದೆ. ಅದರಲ್ಲಿ ನಮ್ಮ ಪಾಲೂ ಸಣ್ಣದಲ್ಲ.

ಹರ್ಮಲಿನ ಮೆಣಸಿನಕಾಯಿ, ಮೊಯ್ರಾದ ದಪ್ಪ ಬಾಳೆಹಣ್ಣು, ಒಣಗಿಸಿದ ಮುರುಗಲ ಸಿಪ್ಪೆ, ಒಣಮೀನು, ಬಿದಿರಿನ ಬುಟ್ಟಿ, ಮಣ್ಣಿನ ಗಡಿಗೆ ಇವೆಲ್ಲ ಅಲ್ಲಿಯ ನೆಲದವು. ಮಾರುವವರಲ್ಲಿ ಹೆಂಗಸರೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಈ ಸಂತೆಗಳಿಗೆ ವಿಶೇಷ ಕಳೆ. ಮಳೆಗಾಲಕ್ಕೆ ಬೇಕಾದ ಮೆಣಸು, ಹುಣಿಸೆ, ಈರುಳ್ಳಿ, ಒಣಮೀನುಗಳನ್ನು ಆಗಲೇ ಕೂಡಿಟ್ಟುಕೊಳ್ಳಬೇಕು. ಜೂನ್ ಬಂತೆಂದರೆ ದೋಣಿಗಳು ದಡ ಸೇರುತ್ತವೆ. ಹಿಂದಿನ ಕಾಲದಲ್ಲಿ ಘಟ್ಟದ ದಾರಿಯೂ ಕಷ್ಟವಾಗುತ್ತಿತ್ತು. ಈ ಸಂಗ್ರಹಕ್ಕೆ ಕೊಂಕಣಿಯಲ್ಲಿ ‘ಪುರುಮೆಂತ’ ಎನ್ನುತ್ತಾರೆ. ಪೋರ್ಚುಗೀಸಿನ ‘ಪ್ರೊವಿಮೆಂತು’ ಎಂಬ ಶಬ್ದ ಅಲ್ಲಿಯ ಗೃಹಿಣಿಯರ ಬಾಯಲ್ಲಿ ಹೀಗೆ ದುಂಡಗಾಯಿತು. ನಮ್ಮ ಅಜ್ಜಿಯರು ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬಿಸುತ್ತಿದ್ದುದೂ ಇದೇ ಲೆಕ್ಕಾಚಾರದಿಂದ.

ಆದರೆ ಕೋಸು, ಬಟಾಟೆ, ಟೊಮೇಟೊ, ಕೊತ್ತಂಬರಿಗಳ ರಾಶಿಯ ಬಳಿಗೆ ಬಂದರೆ ಕತೆ ಬೇರೆ. ಅದರಲ್ಲಿ ಬಹುಪಾಲು ಘಟ್ಟ ಇಳಿದು ಬಂದದ್ದು, ಬೆಳಗಾವಿಯ ಕಡೆಯದು. ಚೋರ್ಲಾ ಮತ್ತು ಅನಮೋಡ ಘಟ್ಟಗಳ ದಾರಿಯಲ್ಲಿ ಬರುವ ಲಾರಿಗಳು ಗೋವೆಯ ಒಲೆಗಳನ್ನು ಹೊತ್ತಿಸುತ್ತವೆ ಎಂದರೆ ತೀರ ಅತಿಶಯೋಕ್ತಿಯಲ್ಲ.

ಈ ಅವಲಂಬನೆ ನಿನ್ನೆ ಮೊನ್ನೆಯದಲ್ಲ. ಗೋವೆಯಲ್ಲಿ ಖಾಜನ್ ಎಂಬ ಗದ್ದೆಗಳಿವೆ. ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆಯುವ ಈ ನೆಲವನ್ನು ನಮ್ಮ ಕುಮಟಾದ ಕಡೆಯವರು ಗಜನಿ ಎನ್ನುತ್ತಾರೆ. ಅಲ್ಲಿ ಬೆಳೆದ ಅಕ್ಕಿ ಹಳ್ಳಿಗಳಿಗೆ ಸಾಕಾಗುತ್ತಿತ್ತೇನೋ. 1510ರಲ್ಲಿ ಅಲ್ಬುಕರ್ಕ್ ಗೆದ್ದುಕೊಂಡ ಮೇಲೆ ಬೆಳೆಯುತ್ತ ಹೋದ ರಾಜಧಾನಿಗೆ ಸಾಲದಾಯಿತು. ಅಕ್ಕಿ ಬರಬೇಕಾದುದು ಕನ್ನಡ ಕರಾವಳಿಯಿಂದ: ಹೊನ್ನಾವರ, ಬಸರೂರು, ಮಂಗಳೂರುಗಳಿಂದ. 1568ರಲ್ಲಿ ಮಂಗಳೂರಿನಲ್ಲಿಯೂ ಮರುವರ್ಷ ಹೊನ್ನಾವರ, ಬಸರೂರುಗಳಲ್ಲಿಯೂ ಪೋರ್ಚುಗೀಸರು ನೆಲೆಯೂರಿದರು. ಕರಿಮೆಣಸಿನ ಆಸೆಯ ಮಾತು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅಕ್ಕಿಯ ಮಾತು ಅಷ್ಟಾಗಿ ಇಲ್ಲ. ಹಸಿವೆಗೆ ಕರಿಮೆಣಸಿನಷ್ಟು ವೈಭವವಿಲ್ಲವಷ್ಟೆ! 1650ರ ದಶಕದ ಮೊದಲಲ್ಲಿ ಕೆಳದಿಯ ಶಿವಪ್ಪನಾಯಕ ಈ ಕೋಟೆಗಳನ್ನು ಕಿತ್ತುಕೊಂಡಾಗ ಗೋವೆಯ ಅನ್ನದ ಕೀಲಿಕೈಯೂ ಕೆಳದಿಯ ಕೈಗೆ ಬಂತು. ಆಮೇಲೆ ಪೋರ್ಚುಗೀಸರು ಕೆಳದಿಯೊಡನೆ ಮತ್ತೆ ಮತ್ತೆ ಒಪ್ಪಂದಕ್ಕೆ ಬಂದುದು ಸುಮ್ಮನೆ ಅಲ್ಲ.

ಆ ಹಳೆಯ ರಾಜಧಾನಿಯ ಪೇಟೆಯನ್ನು ಕಣ್ಣಾರೆ ಕಂಡು ಬರೆದವನು ಡಚ್ಚರ ಲಿನ್‌ಸ್ಕೋಟನ್. 1583ರಿಂದ ಐದು ವರ್ಷ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಗೋವೆಯಲ್ಲಿದ್ದ. ಬಿಸಿಲೇರುವ ಮೊದಲೇ, ಬೆಳಿಗ್ಗೆ ಒಂದೆರಡು ತಾಸು, ಊರಿನ ನೇರಬೀದಿಯಲ್ಲಿ ವ್ಯಾಪಾರ ನಡೆಯುತ್ತಿತ್ತು. ಅರಬೀ ಕುದುರೆ, ಬಟ್ಟೆ, ಸುಗಂಧದ್ರವ್ಯ, ಅವುಗಳ ಜೊತೆಯಲ್ಲೇ ಮನುಷ್ಯರೂ ಗುಲಾಮರಾಗಿ ಹರಾಜಾಗುತ್ತಿದ್ದರು. ಆ ಬೀದಿಯ ಸಿರಿವಂತಿಕೆಯನ್ನು ಹೊಗಳುವವರು ಈ ಕೊನೆಯದನ್ನು ಬಿಟ್ಟು ಹೇಳಬಾರದು. ಆ ಹರಾಜಿಗೆ ಪೋರ್ಚುಗೀಸಿನಲ್ಲಿ ‘ಲೆಯ್ಲಾಂವ್’ ಎಂದು ಹೆಸರು. ಬೆಳಗಾವಿ, ಹುಬ್ಬಳ್ಳಿಯ ಕಡೆ ನಮ್ಮವರು ಆಡುವ ‘ಲಿಲಾವು’ ಅದೇ ಶಬ್ದ. ಘಟ್ಟ ಇಳಿದು ಕಾಯಿಪಲ್ಲೆ ಹೋಯಿತು, ಘಟ್ಟ ಹತ್ತಿ ಮಾತು ಬಂತು.

ಮಾತಿನ ಜೊತೆ ಬೀಜಗಳೂ ಬಂದುವು. ಗೇರು, ಮೆಣಸಿನಕಾಯಿ, ಅನಾನಸು, ಪೇರಲ ಎಲ್ಲವೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗು ಹತ್ತಿ ನಮ್ಮ ತೀರಕ್ಕೆ ಬಂದವು. ಪಪ್ಪಾಯಿಯನ್ನು ನಾವು ಇಂದಿಗೂ ಪರಂಗಿಹಣ್ಣು ಎನ್ನುತ್ತೇವೆ. ಪರಂಗಿಯವರನ್ನು ನೆನೆಯದೆ ಆ ಹಣ್ಣು ತಿನ್ನುವಂತಿಲ್ಲ! ಇಲ್ಲಿ ಮುಂಬಯಿಯಲ್ಲಿ ನಾವು ನಿಂತುಕೊಂಡೇ ತಿನ್ನುವ ಬಟಾಟೆ ವಡೆಯ ಬಟಾಟೆಯೂ ಅವರ ಶಬ್ದವೇ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುರಗಾಂವದಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಹಾಸಿದ ಮೇಲೆ ಘಟ್ಟದ ಸರಕು ಇಳಿಯುವುದು ಸುಲಭವಾಯಿತು. ಈ ನಂಟು ಕಡಿದದ್ದು 1950ರ ದಶಕದಲ್ಲಿ. ಗೋವೆಯನ್ನು ಬಿಟ್ಟುಕೊಡಲು ಪೋರ್ಚುಗಲ್ ಒಪ್ಪದಾಗ ಭಾರತ ಸರಕಾರ ಆರ್ಥಿಕ ದಿಗ್ಬಂಧನ ಹೇರಿತು. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ವರ್ಷವೇ ರೈಲೂ ನಿಂತಿತು. ಕೈಗೆಟಕುವಷ್ಟು ದೂರದಲ್ಲಿ ಬೆಳಗಾವಿಯ ಹೊಲಗಳಿದ್ದರೂ ಗೋವೆಗೆ ಬಟಾಟೆ ಹಾಲೆಂಡಿನಿಂದ ಬಂತು, ಅಕ್ಕಿ ತರಕಾರಿ ಪಾಕಿಸ್ತಾನದಿಂದ ಬಂತು, ಚಹ ಸಿಂಹಳದಿಂದ ಬಂತು. ಸಾಲಾಜಾರನ ಸರಕಾರಕ್ಕೆ ಅದೊಂದು ಪ್ರತಿಷ್ಠೆ. ಹಡಗಿನಲ್ಲಿ ಬಂದ ಬಟಾಟೆಯನ್ನು ಬೇಯಿಸಿದ ಮನೆಯಾಕೆಗೆ ಏನನ್ನಿಸಿತೋ! ಮೇಲೆ ಘಟ್ಟದಲ್ಲಿ ನಮ್ಮ ರೈತನಿಗೂ ಹತ್ತಿರದ ಪೇಟೆಯೊಂದು ಮುಚ್ಚಿಹೋಗಿತ್ತು. ಆ ನಷ್ಟವನ್ನು ವಿಮೋಚನೆಯ ಇತಿಹಾಸದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ಗಡಿ ತೆರೆಯಿತು, ಕಾಯಿಪಲ್ಲೆ ಮತ್ತೆ ಹಳೆಯ ದಾರಿ ಹಿಡಿಯಿತು.

ಇನ್ನೊಮ್ಮೆ ಆ ದಾರಿಗೆ ಅಡ್ಡಿಯಾದದ್ದು 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಲಾಕ್‌ಡೌನಿನ ದಿನಗಳಲ್ಲಿ. ಗಡಿಯಲ್ಲಿ ಲಾರಿಗಳು ತಡೆದವು, ಗೋವೆಯ ಮನೆಗಳಲ್ಲಿ ತರಕಾರಿಗೆ ಪರದಾಟವಾಯಿತು. ಈ ಸಲ ಹಾಲೆಂಡಿನ ಬಟಾಟೆ ಬರಲಿಲ್ಲ. ಜನ ಕಾದರು, ಘಟ್ಟದಿಂದ ಲಾರಿಗಳು ಇಳಿದು ಬಂದವು.

ನೋಡಲು ಹೋಗುವವರು ಥಿವಿಂ ನಿಲ್ದಾಣದಲ್ಲಿ ಇಳಿಯಬಹುದು, ಮಾಪುಸಾ ಅಲ್ಲಿಂದ ಹತ್ತಿರ. ಲಿನ್‌ಸ್ಕೋಟನನ ಕಾಲದಂತೆ ಈಗಲೂ ಬಿಸಿಲೇರುವ ಮೊದಲೇ ಹೋಗುವುದು ಒಳ್ಳೆಯದು. ಕಾಯಿಪಲ್ಲೆಯ ಸಾಲಿನಲ್ಲಿ ಧಾರಾಳವಾಗಿ ಕನ್ನಡದಲ್ಲೇ ಚೌಕಾಸಿ ಶುರುಮಾಡಿ ನೋಡಿ. ಉತ್ತರ ಕನ್ನಡದಲ್ಲೇ ಬಂದರೆ ಆಶ್ಚರ್ಯಪಡಬೇಡಿ.