1967ರಿಂದ ಕಾಯುತ್ತಿರುವ ಊರು

2013ರ ಮೇ 13, ಸೋಮವಾರ ರಾತ್ರಿ. ಟೊರಾಂಟೋದಲ್ಲಿ ನನ್ನ ಆನ್‌ಸೈಟ್ ವಾಸದ ಮೂರನೇ ತಿಂಗಳು. ಕ್ಲೈಂಟ್ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು, ಆಗ ಅವರಿಗೆ 54, ಮನೆಗೆ ಊಟಕ್ಕೆ ಕರೆದಿದ್ದರು. ಊಟ ಬರೀ ನೆಪ. ಅಂದು ಅವರ ಊರಿನ ಹಾಕಿ ತಂಡ ಟೊರಾಂಟೋ ಮೇಪಲ್ ಲೀಫ್ಸ್, ಬಾಸ್ಟನ್ ಬ್ರೂಯಿನ್ಸ್ ವಿರುದ್ಧ ಪ್ಲೇಆಫ್‌ನ ಏಳನೇ ಪಂದ್ಯ ಆಡುತ್ತಿತ್ತು. ಏಳರಲ್ಲಿ ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ. ಆಗಲೇ ಮೂರು-ಮೂರು ಸಮ. ಒಂದು ಮೂಲೆಯ ಕುರ್ಚಿಯಲ್ಲಿ ಕಾಲಿಗೆ ಕಂಬಳಿ ಹೊದ್ದು ಅವರ ಅಪ್ಪ ಕೂತಿದ್ದರು. ಎಂಬತ್ತು ದಾಟಿದವರು.

ಕೊನೆಯ ಅವಧಿಯಲ್ಲಿ ಲೀಫ್ಸ್ 4–1 ಮುಂದಿತ್ತು. ಮನೆಯಲ್ಲಿ ಕುಣಿತ. ಅಜ್ಜ ಮಾತ್ರ ಅಲುಗಲಿಲ್ಲ. "ಇನ್ನೂ ಮುಗಿದಿಲ್ಲ" ಅಂದರು. ಆಮೇಲೆ 4–2 ಆಯಿತು. ಆಟ ಮುಗಿಯಲು 82 ಸೆಕೆಂಡ್ ಇದ್ದಾಗ 4–3. 51 ಸೆಕೆಂಡ್ ಇದ್ದಾಗ 4–4. ಹೆಚ್ಚುವರಿ ಅವಧಿಯಲ್ಲಿ ಪ್ಯಾಟ್ರಿಸ್ ಬರ್ಜರಾನ್ ಹೊಡೆದ ಗೋಲಿನಿಂದ ಬಾಸ್ಟನ್ ಗೆದ್ದಿತು. ಟಿವಿಯಲ್ಲಿ, ಟೊರಾಂಟೋದ ಕ್ರೀಡಾಂಗಣದ ಹೊರಗೆ ದೊಡ್ಡ ಪರದೆಯ ಮುಂದೆ ನಿಂತಿದ್ದ ಸಾವಿರಾರು ಜನ ತಲೆಯ ಮೇಲೆ ಕೈ ಹೊತ್ತು ನಿಂತದ್ದು ಕಾಣಿಸಿತು. ಅಜ್ಜ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದರು. ಮಗ ತಟ್ಟೆ ತೊಳೆಯಲು ಹೋದರು. ಸಾವಿನ ಮನೆಯಲ್ಲಿ ಇರುವಂಥ ಮೌನ.

ಮರುದಿನ ಒಂಬತ್ತಕ್ಕೆ ಎಂದಿನಂತೆ ಮೀಟಿಂಗ್. ಅವರು ತಮ್ಮ ಕೆಲಸದ ವರದಿ ಒಪ್ಪಿಸಿದರು. ಸಮಾಧಾನ ಮಾಡಲು ಹೋಗಿ ನಾನು, "ನಿನ್ನೆಯದಕ್ಕೂ ಒಂದು ರೂಟ್ ಕಾಸ್ ಅನಾಲಿಸಿಸ್ ಮಾಡಬೇಕು" ಎಂದೆ. ಅವರು ನಕ್ಕರು. "ಮಾಡೋಣ. ಯಾವ ವರ್ಷದಿಂದ ಶುರು ಮಾಡ್ತೀಯ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು ಈವರೆಗೆ ನಿಂತಿಲ್ಲ.

ನಮಗೆ ಹಾಕಿ ಎಂದರೆ ಕೊಡಗು, ಹುಲ್ಲಿನ ಮೈದಾನ. ಕೆನಡಾದವರಿಗೆ ಹಾಕಿ ಎಂದರೆ ಹಿಮಗಡ್ಡೆ ಮಾತ್ರ. ಅಲ್ಲಿ ಟೊರಾಂಟೋ ತಂಡ ಸಾಮಾನ್ಯ ತಂಡವಲ್ಲ. 1927ರಲ್ಲಿ ಕಾನ್ ಸ್ಮೈತ್ ಎಂಬಾತ ನಷ್ಟದಲ್ಲಿದ್ದ ತಂಡವನ್ನು ಕೈಗೆ ತೆಗೆದುಕೊಂಡು ಮೇಪಲ್ ಲೀಫ್ಸ್ ಎಂದು ಹೆಸರಿಟ್ಟ. ಮಹಾ ಆರ್ಥಿಕ ಕುಸಿತದ ನಡುವೆ, 1931ರಲ್ಲಿ, ಮೇಪಲ್ ಲೀಫ್ ಗಾರ್ಡನ್ಸ್ ಎಂಬ ಭಾರಿ ಒಳಾಂಗಣವನ್ನು ಆರು ತಿಂಗಳು ತುಂಬುವ ಮೊದಲೇ ಕಟ್ಟಿ ನಿಲ್ಲಿಸಿದ. ಕೈಯಲ್ಲಿ ದುಡ್ಡಿರಲಿಲ್ಲ, ಕಟ್ಟಿದ ಕಾರ್ಮಿಕರು ಕೂಲಿಯ ಒಂದು ಭಾಗವನ್ನು ಷೇರುಗಳ ರೂಪದಲ್ಲಿ ಪಡೆದರು. ಅಂದರೆ ಗಾರೆ ಕೆಲಸದವರೂ ಅದರಲ್ಲಿ ಪಾಲುದಾರರು. ಶನಿವಾರ ರಾತ್ರಿ ಫಾಸ್ಟರ್ ಹ್ಯೂಯಿಟ್ ಅಲ್ಲಿಂದ ಕೊಡುತ್ತಿದ್ದ ರೇಡಿಯೋ ವೀಕ್ಷಕ ವಿವರಣೆಯನ್ನು ದೇಶದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಜನ ಕೇಳುತ್ತಿದ್ದರು. ಟೊರಾಂಟೋ ನೋಡಿಯೇ ಇರದವರಿಗೂ ಲೀಫ್ಸ್ ಮನೆಯ ತಂಡವಾಯಿತು.

ಈ ಅಭಿಮಾನಿಗಳಿಗೆ ಕಾಯುವುದನ್ನು ಮೊದಲು ಕಲಿಸಿದ್ದು ಬಿಲ್ ಬರಿಲ್ಕೋನ ಕತೆ. 1951ರ ಏಪ್ರಿಲ್ 21ರಂದು ಮಾಂಟ್ರಿಯಲ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಸ್ಟ್ಯಾನ್ಲಿ ಕಪ್ ತಂದುಕೊಟ್ಟ ಹುಡುಗ ಆತ. ಅದೇ ಆಗಸ್ಟ್‌ನಲ್ಲಿ ಮೀನು ಹಿಡಿಯಲು ಸಣ್ಣ ವಿಮಾನದಲ್ಲಿ ಉತ್ತರದ ಕಾಡಿಗೆ ಹೋದವನು ಮರಳಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಲೀಫ್ಸ್ ಮತ್ತೆ ಕಪ್ ಗೆದ್ದದ್ದು 1962ರ ಏಪ್ರಿಲ್‌ನಲ್ಲಿ. ವಿಮಾನದ ಅವಶೇಷ ಸಿಕ್ಕಿದ್ದು ಅದೇ ಜೂನ್‌ನಲ್ಲಿ. ಇದು ಕಾಕತಾಳೀಯವೆಂದು ಎಲ್ಲರಿಗೂ ಗೊತ್ತು. ಆದರೂ ನನಗೆ ಈ ಕತೆ ಹೇಳಿದ ಯಾರೂ ಎರಡು ಘಟನೆಗಳನ್ನು ಬಿಡಿಬಿಡಿಯಾಗಿ ಹೇಳಲಿಲ್ಲ.

1962, 63, 64, ಆಮೇಲೆ 1967. ಆರು ವರ್ಷಗಳಲ್ಲಿ ನಾಲ್ಕು ಕಪ್. ಒಟ್ಟು ಹದಿಮೂರು. 1967ರದು ಮುದುಕರ ತಂಡ: ಗೋಲ್‌ಕೀಪರ್ ಜಾನಿ ಬೋವರ್‌ಗೆ 42, ರಕ್ಷಣೆಯಲ್ಲಿದ್ದ ಅಲನ್ ಸ್ಟ್ಯಾನ್ಲಿಗೆ 41. ಮೇ 2ರ ರಾತ್ರಿ ಕೊನೆಯ ನಿಮಿಷದಲ್ಲಿ ಕೋಚ್ ಪಂಚ್ ಇಮ್ಲಾಕ್ ಹುಡುಗರನ್ನು ಬಿಟ್ಟು ಹಳಬರನ್ನೇ ಕಣಕ್ಕಿಳಿಸಿದ. ನಾಯಕ ಜಾರ್ಜ್ ಆರ್ಮ್‌ಸ್ಟ್ರಾಂಗ್ ಖಾಲಿ ಬಲೆಗೆ ಚೆಂಡಿನಂಥ ಆ ಕಪ್ಪು ಬಿಲ್ಲೆಯನ್ನು ತಳ್ಳಿದ. ಮಾಂಟ್ರಿಯಲ್ ಸೋತಿತು. ಅದು ಕೆನಡಾದ ಶತಮಾನೋತ್ಸವದ ವರ್ಷ.

ನನ್ನ ಸಹೋದ್ಯೋಗಿ ಆಗ ಎಂಟು ವರ್ಷದ ಹುಡುಗ. ವಿಜಯದ ಮೆರವಣಿಗೆಗೆ ಹೋಗಬೇಕೆಂದು ಹಟ ಹಿಡಿದಿದ್ದನಂತೆ. ಶಾಲೆ ತಪ್ಪಿಸುವುದು ಬೇಡ, ಮುಂದಿನ ಸಲ ಕರೆದುಕೊಂಡು ಹೋಗುತ್ತೇನೆ ಎಂದರು ಅಪ್ಪ. ಆ ಅಪ್ಪನನ್ನು ತಪ್ಪೆನ್ನಲಾಗದು. ಆರು ವರ್ಷಕ್ಕೆ ನಾಲ್ಕು ಸಲ ಗೆದ್ದ ತಂಡದ ವಿಷಯದಲ್ಲಿ "ಮುಂದಿನ ಸಲ" ಎಂದರೆ ಮುಂದಿನ ವರ್ಷ, ಹೆಚ್ಚೆಂದರೆ ಅದರಾಚೆಯ ವರ್ಷ. ಆ ಮುಂದಿನ ಸಲ ಬರಲೇ ಇಲ್ಲ. ಕಪ್ ಹಾಗಿರಲಿ, 2025ರವರೆಗೆ ಲೀಫ್ಸ್ ಇನ್ನೊಂದು ಫೈನಲ್ ಕೂಡ ಆಡಿಲ್ಲ.

ಕಾರಣಗಳಲ್ಲಿ ಮೊದಲನೆಯದು ಲೆಕ್ಕ. 1967ರವರೆಗೆ ಲೀಗ್‌ನಲ್ಲಿದ್ದದ್ದು ಆರೇ ತಂಡ. ನಾಲ್ಕು ತಂಡ ಪ್ಲೇಆಫ್‌ಗೆ, ಎಂಟು ಪಂದ್ಯ ಗೆದ್ದರೆ ಕಪ್. ಮರುವರ್ಷವೇ ತಂಡಗಳು ಹನ್ನೆರಡಾದವು, ಈಗ 32. ನಾಲ್ಕು ಸುತ್ತು, 16 ಗೆಲುವು ಬೇಕು. ಎಂಟೆಕ್ ಮಾಡಿದವನ ಚಟ. ಒಂದು ಸಂಜೆ ಸ್ಪ್ರೆಡ್‌ಶೀಟ್ ತೆರೆದೆ. ಪ್ರತಿ ವರ್ಷ ಇದ್ದ ತಂಡಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಒಂದನ್ನು ಎತ್ತಿದರೆ, 1968ರಿಂದ 2025ರವರೆಗಿನ 57 ಕಪ್‌ಗಳಲ್ಲಿ (2005ರಲ್ಲಿ ಲಾಕೌಟ್‌ನಿಂದ ಆಟವೇ ಇರಲಿಲ್ಲ) ಒಂದು ತಂಡದ ಪಾಲಿಗೆ ಸುಮಾರು ಎರಡೂವರೆ ಬರಬೇಕು. ಒಂದೂ ಬರದಿರುವ ಸಂಭವ ನೂರಕ್ಕೆ ಎಂಟರಷ್ಟು. ದುರದೃಷ್ಟ ಹೌದು, ಶಾಪವಲ್ಲ.

ಎರಡನೆಯ ಕಾರಣ ಮನುಷ್ಯನದು. 1972ರಲ್ಲಿ ತಂಡದ ಒಡೆತನ ಹೆರಾಲ್ಡ್ ಬಲಾರ್ಡ್ ಕೈಗೆ ಬಂತು. ಅದೇ ವರ್ಷ ವಂಚನೆ ಮತ್ತು ಕಳ್ಳತನದ ಆರೋಪಗಳಲ್ಲಿ ಅಪರಾಧಿಯೆಂದು ತೀರ್ಮಾನವಾಗಿ ಆತ ಜೈಲಿಗೂ ಹೋಗಿ ಬಂದ. 1967ರ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಡೇವ್ ಕಿಯಾನ್ ಅವನೊಂದಿಗೆ ಮನಸ್ತಾಪಗೊಂಡು 1975ರಲ್ಲಿ ಹೊರಟುಹೋದ; ದಶಕಗಳ ಕಾಲ ಆ ಕಡೆ ತಲೆಹಾಕಲಿಲ್ಲ. 1979ರಲ್ಲಿ ಪ್ರಿಯ ಗೆಳೆಯ ಲ್ಯಾನಿ ಮೆಕ್‌ಡೊನಾಲ್ಡ್‌ನನ್ನು ಬೇರೆ ತಂಡಕ್ಕೆ ಕೊಟ್ಟಾಗ ನಾಯಕ ಡ್ಯಾರಿಲ್ ಸಿಟ್ಲರ್ ತನ್ನ ಅಂಗಿಯ ಮೇಲಿನ ನಾಯಕನ ಗುರುತನ್ನೇ ಕಿತ್ತುಹಾಕಿದ. ಆಟಗಾರರ ಹೆಸರು ಅಂಗಿಯ ಮೇಲಿರಬೇಕೆಂದು ಲೀಗ್ ಹೇಳಿದಾಗ ಬಲಾರ್ಡ್ ನೀಲಿ ಅಂಗಿಯ ಮೇಲೆ ನೀಲಿ ಅಕ್ಷರ ಹೊಲಿಸಿದ. ಹ್ಯೂಯಿಟ್ ಕೂತು ಮಾತಾಡಿದ ಆ ಐತಿಹಾಸಿಕ ಗೂಡನ್ನು ಒಡೆಸಿ ಸುಡಿಸಿದ. 1990ರಲ್ಲಿ ಸಾಯುವವರೆಗೂ ತಂಡ ಅವನದೇ.

ಹದಿನೆಂಟು ವರ್ಷ ಇದು ನಡೆದದ್ದು ಹೇಗೆ? 1946ರಿಂದ 1999ರಲ್ಲಿ ಬಾಗಿಲು ಹಾಕುವವರೆಗೆ ಗಾರ್ಡನ್ಸ್‌ನಲ್ಲಿ ಪ್ರತಿ ಪಂದ್ಯದ ಟಿಕೆಟ್‌ಗಳೂ ಮಾರಾಟವಾಗಿದ್ದವು ಎನ್ನುತ್ತಾರೆ. ಗೆದ್ದರೂ ತುಂಬುವ, ಸೋತರೂ ತುಂಬುವ ಅಂಗಳದ ಒಡೆಯನಿಗೆ ಗೆಲ್ಲುವ ಅವಸರ ಯಾಕೆ? ಡೆಡ್‌ಲೈನ್ ತಪ್ಪಿದರೂ ಪೂರ್ತಿ ಹಣ ಕೊಡುವ ಕ್ಲೈಂಟ್ ಸಿಕ್ಕಂತೆ. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು: ಅಭಿಮಾನಿಗಳನ್ನು ಉಳಿಸಿದ ನಿಷ್ಠೆಯೇ ತಂಡವನ್ನು ಕೆಡಿಸಿದವನನ್ನೂ ಉಳಿಸಿತು. ಹಾಗೆಂದು ಅವರು ಹೋಗದೆ ಇರಬೇಕಿತ್ತೇ ಎಂದು ಸಹೋದ್ಯೋಗಿಯನ್ನು ಕೇಳಿದೆ. "ನಾವು ಬಲಾರ್ಡ್ ಮನೆಗೆ ಹೋಗ್ತಾ ಇರಲಿಲ್ಲ, ನಮ್ಮ ಮನೆಗೆ ಹೋಗ್ತಾ ಇದ್ವಿ" ಎಂದರು.

ಬಲಾರ್ಡ್ ಹೋದ ಮೂರೇ ವರ್ಷಕ್ಕೆ, 1993ರಲ್ಲಿ, ಲೀಫ್ಸ್ ಫೈನಲ್‌ಗೆ ಒಂದು ಗೆಲುವಿನಷ್ಟು ಹತ್ತಿರ ಬಂತು. ಲಾಸ್ ಏಂಜಲೀಸ್‌ನಲ್ಲಿ ಆರನೇ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ವೇಯ್ನ್ ಗ್ರೆಟ್ಸ್ಕಿಯ ಕೋಲು ಡಗ್ ಗಿಲ್ಮೋರ್‌ನ ಗಲ್ಲಕ್ಕೆ ಬಡಿದು ರಕ್ತ ಬಂತು. ರೆಫರಿ ಕೆರಿ ಫ್ರೇಸರ್ ದಂಡನೆ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಗ್ರೆಟ್ಸ್ಕಿಯೇ ಗೆಲುವಿನ ಗೋಲು ಹೊಡೆದ. ಏಳನೇ ಪಂದ್ಯದಲ್ಲಿ ಟೊರಾಂಟೋದಲ್ಲೇ ಮೂರು ಗೋಲು ಹೊಡೆದು ಕತೆ ಮುಗಿಸಿದ. ಇಪ್ಪತ್ತು ವರ್ಷದ ಮೇಲೆ ಆ ಅಜ್ಜನ ಎದುರು ಫ್ರೇಸರ್ ಹೆಸರೆತ್ತಿದೆ. ಅವರು ಕಾಫಿ ಕಪ್ ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು.

ಆಮೇಲೆ 2004ರ ಒಂದು ಸರಣಿ ಗೆಲುವು. ಅದರ ನಂತರ ಸತತವಾಗಿ ಪ್ಲೇಆಫ್‌ಗೇ ಬರದ ವರ್ಷಗಳು. ಬೇಸರ ತಡೆಯದೆ 2010ರ ಡಿಸೆಂಬರ್‌ನಲ್ಲಿ ಯಾರೋ ಐಸ್ ಮೇಲೆ ವಾಫಲ್ ಎಸೆದರು. ನಮ್ಮ ಲೆಕ್ಕದಲ್ಲಿ ದೋಸೆ ಎಸೆದ ಹಾಗೆ. ಆಮೇಲಿನ ದಿನಗಳಲ್ಲಿ ಅಂಗಿಗಳನ್ನೂ ಎಸೆದರು. ಅಳು ಸಾಲದಾದಾಗ ನಗುವೇ ಆಸರೆ. 2020ರ ಫೆಬ್ರುವರಿಯಲ್ಲಿ ಎದುರು ತಂಡ ಕೆರೊಲಿನಾದ ಇಬ್ಬರೂ ಗೋಲ್‌ಕೀಪರ್‌ಗಳು ಗಾಯಗೊಂಡಾಗ ಡೇವಿಡ್ ಏಯರ್ಸ್ ಎಂಬ 42 ವರ್ಷದವರು ಬದಲಿಗೆ ನಿಂತರು. ಐಸ್ ಸಮ ಮಾಡುವ ಯಂತ್ರ ಓಡಿಸಿದ್ದವರು, ಲೀಫ್ಸ್ ಜೊತೆಗೇ ಅಭ್ಯಾಸ ಮಾಡುತ್ತಿದ್ದವರು. ಅವರ ಎದುರೂ ಲೀಫ್ಸ್ 6–3ರಿಂದ ಸೋತಿತು. ಈ ಸುದ್ದಿಯನ್ನು ಪುಣೆಯಲ್ಲಿದ್ದ ನನಗೆ ಮೊದಲು ಕಳಿಸಿದ್ದು ಲೀಫ್ಸ್ ಅಭಿಮಾನಿಯಾದ ನನ್ನ ಸಹೋದ್ಯೋಗಿಯೇ, ಸಾಲುಸಾಲು ನಗುಮುಖಗಳೊಂದಿಗೆ.

2016ರಲ್ಲಿ ಆಸ್ಟನ್ ಮ್ಯಾಥ್ಯೂಸ್ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದ. ಆ ಪಂದ್ಯವನ್ನೂ ತಂಡ ಸೋತಿತು ಎಂಬುದನ್ನು ಶಕುನ ಎಂದುಕೊಳ್ಳಬಹುದಿತ್ತು. ನಂತರ ವರ್ಷ ವರ್ಷವೂ ಪ್ಲೇಆಫ್. 2013ರಿಂದ 2025ರವರೆಗೆ ಏಳು ಬಾರಿ ಏಳನೇ ಪಂದ್ಯ: ಬಾಸ್ಟನ್ ವಿರುದ್ಧವೇ ನಾಲ್ಕು, ಮಾಂಟ್ರಿಯಲ್, ಟ್ಯಾಂಪಾ, ಫ್ಲೋರಿಡಾ ವಿರುದ್ಧ ಒಂದೊಂದು. ಏಳೂ ಸೋಲು. ನಾಣ್ಯ ಚಿಮ್ಮಿದರೆ ಏಳು ಸಲವೂ ಒಂದೇ ಮುಖ ಬೀಳುವ ಹಾಗೆ. ನಡುವೆ ಒಂದು ಬೆಳಕು: 2023ರ ಏಪ್ರಿಲ್ 29ರಂದು ಜಾನ್ ಟವಾರೆಸ್ ಗೋಲಿನಿಂದ ಟ್ಯಾಂಪಾ ಮೇಲೆ ಗೆಲುವು. 19 ವರ್ಷದ ಮೇಲೆ ಗೆದ್ದ ಮೊದಲ ಸರಣಿ. ಅದೂ ಕೇವಲ ಮೊದಲ ಸುತ್ತು. ಬೀದಿಯಲ್ಲಿ ಕಪ್ ಗೆದ್ದಷ್ಟೇ ಸಂಭ್ರಮ. ಎದುರಾಳಿಗಳ ಊರಿನವರು ನಕ್ಕರು. ನನಗೆ ನಗು ಬರಲಿಲ್ಲ.

ಬರದಿರಲು ಕಾರಣ ನಿಮಗೂ ಗೊತ್ತಿರುತ್ತದೆ. "ಈ ಸಲ ಕಪ್ ನಮ್ದೇ" ಎಂದು ಪುಣೆಯ ಆಫೀಸಿನ ಕ್ಯಾಂಟೀನಿನಲ್ಲಿ ಮುಂಬೈ, ಚೆನ್ನೈ ಬೆಂಬಲಿಗರ ನಡುವೆ ಹೇಳಿ ನಗಿಸಿಕೊಂಡವರು ನಾವು. ಹದಿನೆಂಟನೇ ಸಲ, 2025ರ ಜೂನ್ 3ರಂದು, ನಮ್ಮದೇ ಆಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಎಷ್ಟು ಜನ ಬಂದಾರು ಎಂದು ಹದಿನೆಂಟು ವರ್ಷದ ಕಾಯುವಿಕೆಯೇ ಹೇಳುತ್ತಿತ್ತು. ಅವರಿಗೆ ಜಾಗ, ದಾರಿ, ಕಾವಲು ಮಾತ್ರ ಇರಲಿಲ್ಲ. ಅಭಿಮಾನ ಹೇಗಿದ್ದರೂ ಬರುತ್ತದೆ ಎಂಬ ಉಡಾಫೆ ಒಂದು ಊರಲ್ಲಿ ಅರ್ಧ ಶತಮಾನದ ಸೋಲಾಗುತ್ತದೆ, ಇನ್ನೊಂದು ಊರಲ್ಲಿ ಗೆದ್ದ ಮರುದಿನವೇ ಸೂತಕವಾಗುತ್ತದೆ. ಆ ದಿನ ಟೊರಾಂಟೋದಿಂದ ಫೋನ್ ಬಂತು. "ನಿನ್ನ ಮನೆಯವರೆಲ್ಲ ಕ್ಷೇಮವೇ?" ಎಂದು ಕೇಳಿದರು. ಕಪ್ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಅಜ್ಜ 2019ರ ಚಳಿಗಾಲದಲ್ಲಿ ತೀರಿಕೊಂಡರು. 2023ರ ಆ ಗೆಲುವಿನ ಹೊತ್ತಿಗೆ ಪುಣೆಯಲ್ಲಿ ಭಾನುವಾರದ ಬೆಳಗು. ಮಗನ ಸಂದೇಶ ಬಂತು: "ಮೊದಲ ಸುತ್ತು ಅಷ್ಟೇ. ಮೆರವಣಿಗೆ ಇರೋದಿಲ್ಲ. ಆದರೂ ಅಪ್ಪ ಇರಬೇಕಿತ್ತು."

ಗಾರ್ಡನ್ಸ್ ಕಟ್ಟಡ ಈಗಲೂ ಇದೆ. ಮೇಲೆ ವಿಶ್ವವಿದ್ಯಾಲಯದ ಕ್ರೀಡಾಂಗಣ, ಕೆಳಗೆ ದೊಡ್ಡ ದಿನಸಿ ಅಂಗಡಿ. 2013ರ ಬೇಸಿಗೆಯಲ್ಲಿ ಅಕ್ಕಿ ಕೊಳ್ಳಲು ಅಲ್ಲಿಗೆ ಅವರೇ ನನ್ನನ್ನು ಕರೆದೊಯ್ದಿದ್ದರು. ಡಬ್ಬಿಗಳ ಸಾಲುಗಳ ನಡುವೆ ಒಂದೆಡೆ ನೆಲದ ಮೇಲೆ ಒಂದು ಕೆಂಪು ಚುಕ್ಕೆ ಇದೆ. ಹಿಂದೆ ಐಸ್ ಅಂಗಳದ ನಟ್ಟನಡುವೆ ಇದ್ದ ಜಾಗ ಅದು. ಜನ ನೋಡದೆ ಗಾಡಿ ತಳ್ಳಿಕೊಂಡು ಅದರ ಮೇಲೆಯೇ ಹೋಗುತ್ತಿದ್ದರು. ಅವರು ಮಾತಾಡುತ್ತಾ ಮಾತಾಡುತ್ತಾ, ಗಾಡಿಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಚುಕ್ಕೆಯನ್ನು ಬಳಸಿಕೊಂಡು ಮುಂದೆ ಹೋದರು. ಹಿಂದೆ ಬರುತ್ತಿದ್ದ ನಾನೂ ಹಾಗೇ ಮಾಡಿದೆ.