ಮೈಕ್ರೋಕಂಟ್ರೋಲರಿನಿಂದ ಗಣಕಕ್ಕೆ: ಒಂದು ಕಾಲನಿಯಮದ ಚರಿತ್ರೆ

ಸಂವೇದಕವೊಂದು ಅಳೆದ ಉಷ್ಣತೆಯ ಅಂಕಿಯನ್ನು ಮೈಕ್ರೋಕಂಟ್ರೋಲರಿನ ಮೂಲಕ ಮೇಜಿನ ಮೇಲಣ ಪಿ.ಸಿ.ಗೆ ಮುಟ್ಟಿಸುವ ಕಾರ್ಯವು ಈಗ ಶಾಲಾಬಾಲಕರಿಗೂ ಸುಲಭಸಾಧ್ಯವಾಗಿರುವುದರಿಂದ, ಅದರ ಹಿಂದಿರುವ ದೀರ್ಘ ಪರಂಪರೆಯು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದು. ಈ ಪರಂಪರೆಯಲ್ಲಿ ತಂತಿ, ಕೊಂಡಿ, ವಿದ್ಯುತ್ತಿನ ಮಟ್ಟ ಎಲ್ಲವೂ ಮಾರ್ಪಟ್ಟಿವೆ. ಸ್ಥಿರವಾಗಿ ನಿಂತುದು ಕಳುಹುವ ಯಂತ್ರಕ್ಕೂ ಕೊಳ್ಳುವ ಯಂತ್ರಕ್ಕೂ ನಡುವೆ ಏರ್ಪಟ್ಟ ಕಾಲದ ಒಡಂಬಡಿಕೆಯೊಂದೇ ಎಂದು ನನಗೆ ತೋರುತ್ತದೆ.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಚಾರ್ಲ್ಸ್ ಕ್ರಮ್ ಮತ್ತು ಅವನ ಮಗ ಹೋವರ್ಡ್ ಕ್ರಮ್ ಟೆಲಿಪ್ರಿಂಟರಿಗಾಗಿ ರೂಢಿಗೆ ತಂದ ಕ್ರಮದಲ್ಲಿ, ಪ್ರತಿಯೊಂದು ಅಕ್ಷರದ ಮುಂದೆ ಆರಂಭಸೂಚಕವೂ ಹಿಂದೆ ವಿರಾಮಸೂಚಕವೂ ಇದ್ದು, ಎರಡು ಯಂತ್ರಗಳು ಒಂದಕ್ಷರದ ಅವಧಿಯಷ್ಟು ಮಾತ್ರ ಜೊತೆಯಾಗಿ ಓಡಿದರೆ ಸಾಕಾಗುತ್ತಿತ್ತು. 1963ರ ಟೆಲಿಟೈಪ್ 33 ಯಂತ್ರವು, ತನ್ನ ಲೋಹದ ಭಾಗಗಳು ನೆಲೆಗೆ ಬರಲು ಸಮಯ ಬೇಕಾದುದರಿಂದ, ಎರಡು ವಿರಾಮ ಬಿಟ್‌ಗಳನ್ನು ಸೇರಿಸಿ ಅಕ್ಷರವೊಂದಕ್ಕೆ 11 ಬಿಟ್‌ಗಳಂತೆ 110 ಬಾಡ್ ವೇಗದಲ್ಲಿ ಸೆಕೆಂಡಿಗೆ 10 ಅಕ್ಷರಗಳನ್ನು ಒತ್ತುತ್ತಿತ್ತು. ವಿದ್ಯುತ್ತಿನ ಮಟ್ಟಗಳನ್ನು 1960ರ ಆರ್‌ಎಸ್-232 ಮಾನಕವು ವಿಧಿಸಿತು. ಅದರಲ್ಲಿ ಋಣ ವೋಲ್ಟೇಜು ಒಂದನ್ನೂ ಧನ ವೋಲ್ಟೇಜು ಸೊನ್ನೆಯನ್ನೂ ಸೂಚಿಸುವುದು ಹೊಸಬರನ್ನು ಇಂದಿಗೂ ಗಲಿಬಿಲಿಗೊಳಿಸುತ್ತದೆ.

1981ರಲ್ಲಿ ಹೊರಬಂದ ಐಬಿಎಂ ಪಿ.ಸಿ.ಯ ಸೀರಿಯಲ್ ಫಲಕದಲ್ಲಿ 8250 ಎಂಬ ಚಿಪ್ಪಿನೊಡನೆ 1.8432 ಮೆಗಾಹರ್ಟ್ಸ್ ಸ್ಫಟಿಕವಿತ್ತು. ಅದನ್ನು 16ರಿಂದ ಭಾಗಿಸಿದರೆ 1,15,200. ಪುನಃ 12ರಿಂದ ಭಾಗಿಸಿದರೆ 9,600. ಅದಕ್ಕೆ ಒಂದು ವರ್ಷ ಮುಂಚೆ ಇಂಟೆಲ್ ಸಂಸ್ಥೆಯು ಹೊರತಂದಿದ್ದ 8051 ಮೈಕ್ರೋಕಂಟ್ರೋಲರಿನ ಒಡಲಲ್ಲೇ ಸೀರಿಯಲ್ ದ್ವಾರವಿದ್ದುದರಿಂದ ಇವೆರಡರ ಸಂಬಂಧ ಸಹಜವಾಗಿ ಬೆಳೆಯಿತಾದರೂ, ಅಲ್ಲೊಂದು ತೊಡಕಿತ್ತು. 12 ಮೆಗಾಹರ್ಟ್ಸ್ ಸ್ಫಟಿಕವನ್ನು ಹಾಕಿ, ಅದರ ಟೈಮರಿನಿಂದ ವಾಡಿಕೆಯ ಕ್ರಮದಲ್ಲಿ 9,600 ಬಾಡ್ ಪಡೆಯಹೊರಟರೆ ದೊರೆಯುವುದು ಸುಮಾರು 10,417. ಎಂಟೂವರೆ ಪ್ರತಿಶತದ ಈ ವ್ಯತ್ಯಾಸವು ಬಿಟ್ಟಿನಿಂದ ಬಿಟ್ಟಿಗೆ ಕೂಡುತ್ತ ಹೋಗಿ, ಹತ್ತನೆಯ ಬಿಟ್ಟಿನ ವೇಳೆಗೆ ಓದುವ ಕ್ಷಣವು ಮುಕ್ಕಾಲು ಬಿಟ್ಟಿಗೂ ಮಿಕ್ಕಿ ಸರಿದುಹೋಗಿ, ತೆರೆಯ ಮೇಲೆ ಅಂಕಿಗಳ ಬದಲು ಅರ್ಥಹೀನ ಚಿಹ್ನೆಗಳು ಮೂಡುತ್ತವೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ 8051 ಕಲಿತವರಿಗೆಲ್ಲ ಪರಿಚಿತವಾದ 11.0592 ಎಂಬ ವಿಚಿತ್ರ ಸಂಖ್ಯೆಯ ರಹಸ್ಯವಿದೇ: ಅದು 1.8432ರ ಸರಿಯಾಗಿ ಆರರಷ್ಟು.

ಇನ್ನು ಉಳಿದುದು ಮೈಕ್ರೋಕಂಟ್ರೋಲರಿಗೂ ಆರ್‌ಎಸ್-232 ಮಾನಕಕ್ಕೂ ನಡುವಣ ವೋಲ್ಟೇಜಿನ ಅಂತರ. ಮ್ಯಾಕ್ಸಿಮ್ ಸಂಸ್ಥೆಯ ಮ್ಯಾಕ್ಸ್232 ಚಿಪ್ಪು 5 ವೋಲ್ಟಿನ ಪೂರೈಕೆಯೊಂದರಿಂದಲೇ, ನಾಲ್ಕು ಕೆಪಾಸಿಟರುಗಳ ನೆರವಿನಿಂದ, ಧನ ಋಣಗಳೆರಡನ್ನೂ ಹುಟ್ಟಿಸಿ ಅದನ್ನು ನಿವಾರಿಸಿತು.

1996ರಲ್ಲಿ ಯುಎಸ್‌ಬಿ ಬಂದು, ಕ್ರಮೇಣ ಲ್ಯಾಪ್‌ಟಾಪುಗಳಿಂದ ಒಂಬತ್ತು ಸೂಜಿಯ ಕೊಂಡಿಯು ಕಣ್ಮರೆಯಾದಾಗ, ಹಳೆಯ ಪದ್ಧತಿಯೂ ಅಳಿಯಬೇಕಾಗಿತ್ತು, ಅಳಿಯಲಿಲ್ಲ. ಸ್ಕಾಟ್ಲೆಂಡಿನ ಎಫ್‌ಟಿಡಿಐ ಮೊದಲಾದ ಸಂಸ್ಥೆಗಳ ಚಿಪ್ಪುಗಳು, ಯುಎಸ್‌ಬಿಯ ಮೂಲಕ ಬಂದುದನ್ನು ಹಿಂದಿನ ‘ಕಾಮ್ ಪೋರ್ಟ್’ ಎಂದೇ ಗಣಕವು ಭಾವಿಸುವಂತೆ ಮಾಡಿದುವು. ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ಜನಿಸಿದ ಆರ್ಡ್ವಿನೋ ಈ ಅನುಕೂಲವನ್ನು ಸರ್ವಜನರ ಕೈಗೆ ಕೊಟ್ಟಿತು.

ಆದರೆ ಅಂಕಿಯು ಬಂದು ಸೇರಿತೆಂದ ಮಾತ್ರಕ್ಕೆ ಅದು ವಿಶ್ವಾಸಾರ್ಹವಾಗದು. ಆರ್ಡ್ವಿನೋ ಊನೋ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಒಡೆಯುವುದರಿಂದ ಒಂದು ಮೆಟ್ಟಿಲು 4.88 ಮಿಲಿವೋಲ್ಟು, ಎಲ್‌ಎಂ35 ಸಂವೇದಕವು ಡಿಗ್ರಿಗೆ 10 ಮಿಲಿವೋಲ್ಟು ಕೊಡುವುದರಿಂದ, 27.34 ಡಿಗ್ರಿಯ ಬಳಿಕ ತೆರೆಯ ಮೇಲೆ ಮೂಡಬಲ್ಲ ಮುಂದಿನ ಸಂಖ್ಯೆ 27.83. ನಡುವಣ ಯಾವ ಉಷ್ಣತೆಯೂ ಆ ಯಂತ್ರಕ್ಕೆ ಕಾಣದು. ಹೀಗಿರಲು ಎರಡು ದಶಾಂಶ ಸ್ಥಾನಗಳನ್ನು ಮುದ್ರಿಸುವ ವಾಡಿಕೆಯನ್ನು ಆಡಂಬರವೆನ್ನದೆ ವಿಧಿಯಿಲ್ಲ.

2012ರ ಆರ್ಡ್ವಿನೋ ಲಿಯೊನಾರ್ಡೋ ಫಲಕದಲ್ಲಿ ಯುಎಸ್‌ಬಿಯು ಮೈಕ್ರೋಕಂಟ್ರೋಲರಿನೊಳಗೇ ಅಡಕವಾಗಿದ್ದು, ಅಲ್ಲಿ ಬಾಡ್ ಎಂಬುದು ಮಾಹಿತಿಯ ವೇಗವನ್ನು ನಿರ್ಧರಿಸುವುದೇ ಇಲ್ಲ. ಹಾಗಿದ್ದರೂ ಅದಕ್ಕಾಗಿ ಪ್ರೋಗ್ರಾಂ ಬರೆಯುವವರು ಮೊದಲ ಸಾಲುಗಳಲ್ಲಿ ಈಗಲೂ 9,600 ಎಂದೋ 1,15,200 ಎಂದೋ ನಮೂದಿಸುತ್ತಲೇ ಇದ್ದಾರೆ.